ಗುಂಡಿ ಒತ್ತಿದ ಮೇಲೆ

‘ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ’ ಎಂಬ ಮಾತಿನಿಂದ ರಿಪೇರಿ ಮಾಡುವವನಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಆ ಒಂದು ದೂರಿನಡಿ ಕನಿಷ್ಠ ಮೂರು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಗುಂಡಿ ಒತ್ತಿದರೆ ಒಂದು ದೀಪವೂ ಹತ್ತುವುದಿಲ್ಲ ಎನ್ನುವುದು ಮೊದಲನೆಯದು. ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ ಎನ್ನುವುದು ಎರಡನೆಯದು. ಎಲ್ಲವೂ ಸರಿಯಾಗಿ ಶುರುವಾಗಿ ಕೆಲವೇ ಸೆಕೆಂಡಿನಲ್ಲಿ ಆರಿಹೋಗುತ್ತದೆ ಎನ್ನುವುದು ಮೂರನೆಯದು. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಈ ಮೂರರಲ್ಲಿ ನಿಮ್ಮದು ಯಾವುದು ಎಂದು ಗಮನವಿಟ್ಟು ನೋಡಿದರೆ, ಕೇಳಿದರೆ, ಅರ್ಧ ಕೆಲಸ ಮುಗಿದಂತೆ. ಯಾಕೆಂದರೆ ಲ್ಯಾಪ್‌ಟಾಪ್ ಒಟ್ಟಾಗಿ ‘ಸಾಯುವುದು’ ತೀರ ಅಪರೂಪ. ಅದು ಎಚ್ಚರಗೊಳ್ಳುವ ದಾರಿಯಲ್ಲಿ ಎಲ್ಲೋ ಒಂದು ಕಡೆ ನಿಂತಿರುತ್ತದೆ, ಅಷ್ಟೆ. ಆ ಜಾಗ ಯಾವುದೆಂದು ಹುಡುಕುವುದೇ ರಿಪೇರಿ.

ಉದಾಹರಣೆಗೆ ಒಂದು ನಿಜವಾದ ಯಂತ್ರವನ್ನೇ ಎದುರಿಗಿಟ್ಟುಕೊಳ್ಳೋಣ: ಲೆನೊವೊ ಕಂಪನಿ 2011ರಲ್ಲಿ ಮಾರುಕಟ್ಟೆಗೆ ತಂದ ಥಿಂಕ್‌ಪ್ಯಾಡ್ ಎಕ್ಸ್220. 12.5 ಇಂಚಿನ ಪರದೆ, ಇಂಟೆಲ್‌ನ ಎರಡನೇ ಪೀಳಿಗೆಯ ಕೋರ್ ಪ್ರೊಸೆಸರ್, ಕೈಯಿಂದಲೇ ಕಳಚಿ ತೆಗೆಯಬಹುದಾದ ಬ್ಯಾಟರಿ. ದೊಡ್ಡ ಕಚೇರಿಗಳಲ್ಲಿ ದುಡಿದು, ಅಲ್ಲಿಂದ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಬಂದ ಮಾದರಿ ಇದು. ಇದನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಇದ್ದರೆ ಇದನ್ನು ಬಿಚ್ಚಬಹುದು. ಯಾವ ಸ್ಕ್ರೂ ಎಲ್ಲಿದೆ, ಯಾವ ಭಾಗವನ್ನು ಯಾವ ಕ್ರಮದಲ್ಲಿ ತೆಗೆಯಬೇಕು ಎಂದು ಚಿತ್ರಸಹಿತ ಹೇಳುವ ಮ್ಯಾನ್ಯುಯಲ್ ಅನ್ನು ಕಂಪನಿಯೇ ಎಲ್ಲರಿಗೂ ಉಚಿತವಾಗಿ ಕೊಟ್ಟಿದೆ. ಕೊಂಡವನಿಗೆ ತನ್ನ ವಸ್ತುವಿನ ಒಳಗನ್ನು ತೋರಿಸುವ ಈ ಪದ್ಧತಿ ಎಲ್ಲ ಕಂಪನಿಗಳಲ್ಲೂ ಇರಬೇಕಿತ್ತು.

ಚಾರ್ಜರ್ ಸಿಕ್ಕಿಸಿದ ಕ್ಷಣದಿಂದ ಶುರುಮಾಡೋಣ. ಗೋಡೆಯ 230 ವೋಲ್ಟ್ ಚಾರ್ಜರ್‌ನಲ್ಲಿ 20 ವೋಲ್ಟ್ ಡಿ.ಸಿ. ಆಗಿ ಇಳಿದು ಬೋರ್ಡ್‌ಗೆ ಬರುತ್ತದೆ. ಬಾಗಿಲಲ್ಲೇ ಮಾಸ್‌ಫೆಟ್ ಎಂಬ ವಿದ್ಯುತ್ ಸ್ವಿಚ್‌ಗಳು ಅದನ್ನು ತಡೆದು ನಿಲ್ಲಿಸುತ್ತವೆ. ಬಂದ ವೋಲ್ಟೇಜ್ ಸರಿಯಾಗಿದೆ ಎಂದು ಚಾರ್ಜಿಂಗ್ ಐಸಿಗೆ ಖಾತ್ರಿಯಾದ ಮೇಲಷ್ಟೇ ಅವು ತೆರೆದುಕೊಳ್ಳುತ್ತವೆ. ಆಗ 20 ವೋಲ್ಟ್ ಬೋರ್ಡ್‌ನ ಮುಖ್ಯ ಲೈನಿಗೆ ಹರಿಯುತ್ತದೆ. ಅದರಿಂದ 3.3 ವೋಲ್ಟ್ ಮತ್ತು 5 ವೋಲ್ಟ್‌ಗಳ ಎರಡು ಸಣ್ಣ ಪೂರೈಕೆಗಳು ಹುಟ್ಟುತ್ತವೆ. ಆಗ ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್ ಎಚ್ಚರಗೊಂಡು, ನಿಮ್ಮ ಬೆರಳಿಗಾಗಿ ಕಾಯುತ್ತದೆ. ಅಂದರೆ ಆಫ್ ಆಗಿರುವ ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗಿರುವುದಿಲ್ಲ. ಪವರ್ ಗುಂಡಿಯೂ ಮನೆಯ ಲೈಟಿನ ಸ್ವಿಚ್ಚಿನಂತೆ ವಿದ್ಯುತ್ತನ್ನು ನೇರವಾಗಿ ಹಾಯಿಸುವುದಿಲ್ಲ. ಅದನ್ನು ಒತ್ತಿದಾಗ ಒಂದು ತಂತಿಯ ವೋಲ್ಟೇಜ್ ಶೂನ್ಯಕ್ಕೆ ಇಳಿಯುತ್ತದೆ, ಕಂಟ್ರೋಲರ್ ಅದನ್ನು ಗಮನಿಸುತ್ತದೆ.

ಆಮೇಲೆ ನಡೆಯುವುದೆಲ್ಲ ಸರದಿಯ ಪ್ರಕಾರ. ಕಂಟ್ರೋಲರ್ ಚಿಪ್‌ಸೆಟ್‌ಗೆ ಸುದ್ದಿ ಮುಟ್ಟಿಸುತ್ತದೆ, ಚಿಪ್‌ಸೆಟ್ ಒಪ್ಪಿಗೆ ಕೊಡುತ್ತದೆ. ರ‍್ಯಾಮ್‌ಗೆ 1.5 ವೋಲ್ಟ್ ಬರುತ್ತದೆ, ಉಳಿದ ಭಾಗಗಳಿಗೆ ಅವವುಗಳ ಪಾಲು ಬರುತ್ತದೆ, ಕೊನೆಗೆ ಪ್ರೊಸೆಸರ್‌ಗೆ ಸುಮಾರು 1 ವೋಲ್ಟ್. ಪ್ರತಿ ಪೂರೈಕೆಯೂ ‘ನಾನು ಸರಿಯಾಗಿದ್ದೇನೆ’ ಎಂಬ ಸಂಕೇತ ಕೊಟ್ಟ ಮೇಲೆಯೇ ಮುಂದಿನದಕ್ಕೆ ಸರದಿ. ಕೆರೆಯ ನೀರು ತೂಬಿನಿಂದ ತೂಬಿಗೆ ಇಳಿದು ಗದ್ದೆ ಸೇರುವಂತೆ ಇದು: ನಡುವೆ ಒಂದು ತೂಬು ಮುಚ್ಚಿದ್ದರೂ ಕೊನೆಯ ಗದ್ದೆ ಒಣಗುತ್ತದೆ. ಕೆರೆಯಲ್ಲಿ ನೀರಿಲ್ಲ ಎಂದು ಅದರಿಂದ ತೀರ್ಮಾನಿಸಲಾಗದು.

ಪ್ರೊಸೆಸರ್‌ನ ಪಾಲಿನ ಲೆಕ್ಕ ಕುತೂಹಲಕರ. ಎಕ್ಸ್220ರ ಪ್ರೊಸೆಸರ್ 35 ವ್ಯಾಟ್‌ನದು. ಅಷ್ಟು ಶಕ್ತಿಯನ್ನು 1 ವೋಲ್ಟ್‌ನಲ್ಲಿ ಕೊಡಬೇಕಾದರೆ 35 ಆಂಪಿಯರ್ ಹರಿಯಬೇಕು. ಅದರ 65 ವ್ಯಾಟ್ ಚಾರ್ಜರ್ ಹೆಚ್ಚೆಂದರೆ ಕೊಡುವುದು 3.25 ಆಂಪಿಯರ್. ಈ ಅಂತರವನ್ನು ತುಂಬುವುದು ಬಕ್ ಕನ್ವರ್ಟರ್ ಎಂಬ ಸರ್ಕಿಟ್. ಇದರಲ್ಲಿ ಮಾಸ್‌ಫೆಟ್‌ಗಳು ಸೆಕೆಂಡಿಗೆ ಲಕ್ಷಗಟ್ಟಲೆ ಸಲ 20 ವೋಲ್ಟನ್ನು ತೆರೆದು ಮುಚ್ಚುತ್ತವೆ. ಹಾಗೆ ತುಂಡುತುಂಡಾಗಿ ಬಂದ ವಿದ್ಯುತ್ತನ್ನು ಒಂದು ಸುರುಳಿಯೂ ಕೆಪಾಸಿಟರ್‌ಗಳ ಗುಂಪೂ ಸೇರಿ ನಯಗೊಳಿಸುತ್ತವೆ. ಬೋರ್ಡ್ ಮೇಲೆ ಅಕ್ಕಿಕಾಳಿಗಿಂತ ಸಣ್ಣ ಕಂದು ತುಣುಕುಗಳು ನೂರಾರು ಕಾಣುವುದು ಈ ಕಾರಣಕ್ಕೆ. ಅವುಗಳ ಬಳಿಗೆ ಮತ್ತೆ ಬರೋಣ.

ವಿದ್ಯುತ್ ತಲುಪಿದ ಮೇಲೂ ದಾರಿ ಮುಗಿಯುವುದಿಲ್ಲ. ಪ್ರೊಸೆಸರ್ ಓದುವ ಮೊಟ್ಟಮೊದಲ ಸೂಚನೆ 4 ಜಿಬಿ ಗಡಿಗಿಂತ ಸರಿಯಾಗಿ 16 ಬೈಟ್ ಕೆಳಗಿನ ವಿಳಾಸದಲ್ಲಿರುತ್ತದೆ. ಆ ವಿಳಾಸ ಒಯ್ಯುವುದು ರ‍್ಯಾಮ್‌ಗೆ ಅಲ್ಲ, ಬಯೋಸ್ ಎಂಬ ಆರಂಭಿಕ ತಂತ್ರಾಂಶ ತುಂಬಿರುವ ಎಂಟು ಕಾಲಿನ ಫ್ಲ್ಯಾಶ್ ಚಿಪ್‌ಗೆ. ಆ ಗಳಿಗೆಯಲ್ಲಿ ರ‍್ಯಾಮ್ ಇನ್ನೂ ಬಳಕೆಗೆ ಬಂದಿರುವುದೇ ಇಲ್ಲ. ಹಾಗಾಗಿ ಪ್ರೊಸೆಸರ್ ತನ್ನೊಳಗಿನ ಕ್ಯಾಶ್ ಮೆಮೊರಿಯನ್ನೇ ತಾತ್ಕಾಲಿಕ ರ‍್ಯಾಮ್ ಮಾಡಿಕೊಂಡು, ನಿಜವಾದ ರ‍್ಯಾಮ್‌ನ ವೇಗ, ಗಾತ್ರ, ಸಂಕೇತಗಳ ಸಮಯ ಎಲ್ಲವನ್ನೂ ಹೊಂದಿಸುತ್ತದೆ. ಈ ಹೊಂದಾಣಿಕೆ ಗೆದ್ದ ಮೇಲೆಯೇ ಪರದೆಗೆ ಚಿತ್ರ. ‘ಫ್ಯಾನ್ ತಿರುಗ್ತದೆ, ಡಿಸ್‌ಪ್ಲೇ ಬರ್ತಿಲ್ಲ’ ಎಂಬ ದೂರಿಗೆ ಅನುಭವಿ ಮೆಕ್ಯಾನಿಕ್ ಪರದೆಯನ್ನು ಬಿಟ್ಟು ಮೊದಲು ರ‍್ಯಾಮ್‌ಗೆ ಕೈಹಾಕುವುದು ಇದಕ್ಕೇ.

ಈಗ ಕೆಲಸಕ್ಕೆ ಇಳಿಯೋಣ. ದೀಪವೇ ಹತ್ತದಿದ್ದರೆ ಮೊದಲ ಅನುಮಾನ ಚಾರ್ಜರ್ ಮೇಲೆ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಆ ಕಾಲದ ಥಿಂಕ್‌ಪ್ಯಾಡ್ ಪಿನ್ನಿನಲ್ಲಿ ಮೂರು ಭಾಗಗಳಿವೆ: ಹೊರಗಿನ ಕೊಳವೆ, ಅದರ ಒಳಮೈ, ನಡುವೆ ಸೂಜಿಯಂಥ ಕಡ್ಡಿ. 20 ವೋಲ್ಟ್ ಸಿಗಬೇಕಾದುದು ಹೊರಮೈಗೂ ಒಳಮೈಗೂ ನಡುವೆ. ನಡುವಿನ ಕಡ್ಡಿ ಇರುವುದು ಈ ಚಾರ್ಜರ್ ಎಷ್ಟು ವ್ಯಾಟ್‌ನದು ಎಂದು ಯಂತ್ರಕ್ಕೆ ತಿಳಿಸಲು. ಇದು ಗೊತ್ತಿಲ್ಲದೆ ಕಡ್ಡಿಗೆ ಮೀಟರ್ ಹಚ್ಚಿ, ಒಳ್ಳೆಯ ಚಾರ್ಜರ್ ಅನ್ನು ಎಸೆಯುವವರಿದ್ದಾರೆ. ವೋಲ್ಟೇಜ್ ಸರಿಯಿದ್ದರೆ ಪಿನ್ನಿನ ಬುಡದಲ್ಲಿ ವೈರ್ ಅನ್ನು ಮೆಲ್ಲಗೆ ಬಾಗಿಸುತ್ತ ಇನ್ನೊಮ್ಮೆ ಅಳೆಯಿರಿ. ಒಳಗೆ ತಂತಿ ಮುರಿದಿದ್ದರೆ ಅಂಕಿ ಅಲುಗಾಡುತ್ತದೆ.

ಚಾರ್ಜರ್ ಸರಿಯಿದ್ದರೆ ಅದನ್ನು ತೆಗೆಯಿರಿ, ಬ್ಯಾಟರಿಯನ್ನೂ ತೆಗೆಯಿರಿ, ಪವರ್ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ಇದು ಮಂತ್ರವಲ್ಲ. ಎಂಬೆಡೆಡ್ ಕಂಟ್ರೋಲರ್ ಸದಾ ಎಚ್ಚರವಾಗಿರುವ ಒಂದು ಪುಟ್ಟ ಕಂಪ್ಯೂಟರ್. ವಿದ್ಯುತ್ತಿನ ಏರಿಳಿತದಲ್ಲಿ ಅದರ ಪ್ರೋಗ್ರಾಮ್ ಸಿಕ್ಕಿಬಿದ್ದರೆ ಗುಂಡಿ ಒತ್ತಿದ್ದು ಅದಕ್ಕೆ ತಿಳಿಯುವುದಿಲ್ಲ. ಬೋರ್ಡ್‌ನ ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ ಬರಿದಾದಾಗ ಅದು ಮೊದಲಿನಿಂದ ಶುರುಮಾಡುತ್ತದೆ. ಬಳಿಕ ಬ್ಯಾಟರಿ ಇಲ್ಲದೆ ಬರೀ ಚಾರ್ಜರ್‌ನಲ್ಲಿ ಪ್ರಯತ್ನಿಸಿ. ಎಷ್ಟೋ ಲ್ಯಾಪ್‌ಟಾಪ್‌ಗಳು ಈ ಹಂತದಲ್ಲೇ ಎದ್ದುಬಿಡುತ್ತವೆ.

ಫ್ಯಾನ್ ತಿರುಗಿ ಪರದೆ ಕಪ್ಪಗಿದ್ದರೆ ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಿ. ಆ ಅಂಚಿನ ಮೇಲಿರುವುದು ತೆಳುವಾದ ನಿಜವಾದ ಚಿನ್ನದ ಲೇಪ. ಚಿನ್ನ ತುಕ್ಕು ಹಿಡಿಯದು, ಆದರೆ ಧೂಳು, ಜಿಡ್ಡು ಅದರ ಮೇಲೆ ಕೂರುತ್ತವೆ. ಮಂಗಳೂರು, ಉಡುಪಿಯಂಥ ಕರಾವಳಿ ಊರುಗಳ ಉಪ್ಪು ಬೆರೆತ ತೇವದ ಗಾಳಿಯಲ್ಲಿ ಇದು ಬೇಗ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ, ಸ್ಲಾಟ್ ಬದಲಿಸಿ ನೋಡಬೇಕು. ಇನ್ನು ಎದ್ದು ಆರಿಹೋಗುವ ಯಂತ್ರ ಎಷ್ಟೋ ಸಲ ಏನಾದರೂ ಸುಳಿವು ಕೊಟ್ಟು ಆರುತ್ತದೆ. ಫ್ಯಾನ್ ತಿರುಗದಿದ್ದರೆ ಥಿಂಕ್‌ಪ್ಯಾಡ್ ಆ ದೋಷವನ್ನು ಪರದೆಯಲ್ಲಿ ತೋರಿಸಿ ತಾನೇ ಆಫ್ ಆಗುತ್ತದೆ. ಧೂಳು ತೆಗೆದು, ಒಣಗಿ ಬಿರುಕುಬಿಟ್ಟ ಥರ್ಮಲ್ ಪೇಸ್ಟ್ ಬದಲಿಸಿ, ಬೇಕಾದರೆ ಫ್ಯಾನ್ ಹೊಸದು ಹಾಕಿದರೆ ಮುಗಿಯಿತು.

ಇಷ್ಟೂ ಮಾಡಿ ದೀಪ ಹತ್ತದಿದ್ದರೆ ‘ಬೋರ್ಡ್ ಹೋಗಿದೆ’ ಎಂಬ ತೀರ್ಪು ಬರುತ್ತದೆ. ಇದನ್ನು ಸುಲಭವಾಗಿ ಒಪ್ಪಿಕೊಳ್ಳಬೇಡಿ. ಬೋರ್ಡ್ ಮೇಲಿನ ಸಾವಿರಾರು ಭಾಗಗಳಲ್ಲಿ ಹೋಗಿರುವುದು ಬಹುಪಾಲು ಒಂದೋ ಎರಡೋ.

ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಮಹಡಿ ಅಂಗಡಿಯಲ್ಲಿ ಇಂಥ ಹುಡುಕಾಟವನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಹುಡುಗ ಬೋರ್ಡ್ ಅನ್ನು ದೀಪದ ಕೆಳಗಿಟ್ಟು, ಮೀಟರ್‌ನ ಒಂದು ಕಡ್ಡಿಯನ್ನು ಗ್ರೌಂಡ್‌ಗೆ, ಇನ್ನೊಂದನ್ನು ಮುಖ್ಯ ಲೈನಿನ ಕೆಪಾಸಿಟರ್ ತುದಿಗೆ ಮುಟ್ಟಿಸಿದ. ಮೀಟರ್ ಕೀರಿತು. “20 ವೋಲ್ಟ್ ಲೈನೇ ಶಾರ್ಟ್ ಇದೆ ಸಾರ್. ಯಾವ್ದೋ ಕೆಪಾಸಿಟರ್ ಹೋಗಿರ್ಬೇಕು” ಎಂದ. ಯಾವುದು ಎಂದು ಕೇಳಿದೆ. “ಮೀಟರ್ ಹೇಳಲ್ಲ ಸಾರ್, ಎಲ್ಲಾ ಕಡೆನೂ ಒಂದೇ ಥರ ಕೂಗತ್ತೆ.” ಅವನ ಮಾತು ಸರಿ. ಆ ಲೈನಿನಲ್ಲಿರುವ ಕೆಪಾಸಿಟರ್‌ಗಳೆಲ್ಲ ಸಮಾಂತರವಾಗಿ ಜೋಡಿಸಲ್ಪಟ್ಟಿವೆ. ಒಂದು ಶಾರ್ಟ್ ಆದರೆ ಅಷ್ಟೂ ಶಾರ್ಟ್ ಆದಂತೆಯೇ ಅಳತೆಯಲ್ಲಿ ಕಾಣುತ್ತವೆ.

ಆಮೇಲೆ ಅವನು ಮಾಡಿದ್ದು ಶುದ್ಧ ಭೌತವಿಜ್ಞಾನ. ಮೇಜಿನ ಪವರ್ ಸಪ್ಲೈಯನ್ನು ಬರೀ 1 ವೋಲ್ಟ್‌ಗೆ ಇಳಿಸಿ, ಕರೆಂಟ್‌ಗೆ ಮಿತಿ ಹಾಕಿ, ಆ ಲೈನಿಗೆ ಜೋಡಿಸಿದ. ಬ್ರಷ್‌ನಿಂದ ಆ ಭಾಗದ ಮೇಲೆ ಐಸೊಪ್ರೊಪೈಲ್ ಹಚ್ಚಿದ. ಹೀಗೆ ಹಾಯಿಸಿದ ವಿದ್ಯುತ್ ಕೆಟ್ಟ ಕೆಪಾಸಿಟರ್‌ನ ಮೂಲಕವೇ ಗ್ರೌಂಡ್ ಸೇರಬೇಕು. ಅದರ ರೋಧ ಕಾಲು ಓಮ್ ಎಂದುಕೊಳ್ಳಿ. 1 ವೋಲ್ಟ್‌ಗೆ 4 ಆಂಪಿಯರ್ ಹರಿದು, 4 ವ್ಯಾಟ್ ಶಾಖ ಒಂದೆರಡು ಮಿಲಿಮೀಟರ್ ಉದ್ದದ ತುಣುಕಿನಲ್ಲಿ ಹುಟ್ಟುತ್ತದೆ. ಒಳ್ಳೆಯ ಕೆಪಾಸಿಟರ್‌ಗಳಲ್ಲಿ ಡಿ.ಸಿ. ಹರಿಯುವುದೇ ಇಲ್ಲ, ಅವು ತಣ್ಣಗಿರುತ್ತವೆ. ನೋಡನೋಡುತ್ತ ಒದ್ದೆಯಾಗಿ ಹೊಳೆಯುತ್ತಿದ್ದ ಬೋರ್ಡ್‌ನಲ್ಲಿ ಒಂದೇ ಒಂದು ಕೆಪಾಸಿಟರ್‌ನ ಸುತ್ತ ಹೊಳಪು ಮಾಯವಾಗಿ ಒಣ ಚುಕ್ಕೆ ಹರಡಿತು. ಹುಡುಗ ಸಪ್ಲೈ ಆರಿಸಿ, ಹಾಟ್ ಏರ್ ಹಿಡಿದು ಅದನ್ನು ಚಿಮಟದಿಂದ ಎತ್ತಿದ. ಮತ್ತೆ ಮೀಟರ್ ಮುಟ್ಟಿಸಿದಾಗ ಸದ್ದಿಲ್ಲ. ಅದೇ ಅಳತೆಯ ಇನ್ನೊಂದನ್ನು ಬೆಸೆದು ಚಾರ್ಜರ್ ಚುಚ್ಚಿದ. ದೀಪ ಹತ್ತಿತು.

ಆ ತುಣುಕು ಹೋಗುವುದೇಕೆ? ಸಿರಾಮಿಕ್ ಕೆಪಾಸಿಟರ್ ಎಂದರೆ ಬೇರಿಯಂ ಟೈಟನೇಟ್‌ನ ಪಿಂಗಾಣಿ ಪದರ, ಲೋಹದ ಪದರ, ಮತ್ತೆ ಪಿಂಗಾಣಿ, ಹೀಗೆ ನೂರಾರು ಪದರಗಳ ಕಟ್ಟು. ಪಿಂಗಾಣಿ ಭಾರ ತಡೆಯುತ್ತದೆ, ಬಾಗುವುದನ್ನು ತಡೆಯದು. ಲ್ಯಾಪ್‌ಟಾಪ್ ಕೆಳಗೆ ಬಿದ್ದಾಗ, ಒಂದೇ ಮೂಲೆ ಹಿಡಿದು ಎತ್ತಿದಾಗ, ತುಂಬಿದ ಬ್ಯಾಗಿನಲ್ಲಿ ಒತ್ತಿ ಹೋದಾಗ ಬೋರ್ಡ್ ಕೂದಲೆಳೆಯಷ್ಟು ಬಾಗುತ್ತದೆ. ಒಳಗೆ ಕಣ್ಣಿಗೆ ಕಾಣದ ಬಿರುಕು ಮೂಡುತ್ತದೆ. ಅದು ಆ ದಿನವೇ ತೊಂದರೆ ಕೊಡುವುದಿಲ್ಲ. ತಿಂಗಳುಗಳ ನಂತರ ಬಿರುಕಿನಲ್ಲಿ ತೇವ ಸೇರಿ, ಎದುರುಬದುರಿನ ಲೋಹದ ಪದರಗಳ ನಡುವೆ ದಾರಿ ಏರ್ಪಟ್ಟಾಗ ಶಾರ್ಟ್ ಆಗುತ್ತದೆ. ಶಾರ್ಟ್ ಕಂಡ ಕೂಡಲೇ ರಕ್ಷಣಾ ಸರ್ಕಿಟ್ ಬಾಗಿಲ ಮಾಸ್‌ಫೆಟ್‌ಗಳನ್ನು ತೆರೆಯಲು ಬಿಡುವುದಿಲ್ಲ. ಯಂತ್ರ ‘ಡೆಡ್’ ಆಗಿ ಕಾಣುವುದು ಅದು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುವುದರಿಂದ.

ಬೋರ್ಡ್ ಕೆಲಸದಲ್ಲಿ ನನಗೆ ಒಪ್ಪಿಗೆಯಾಗದ ಒಂದು ರೂಢಿಯಿದೆ. ದೊಡ್ಡ ಚಿಪ್‌ನ ಮೇಲೆ ಹಾಟ್ ಏರ್ ಹಿಡಿದು ಕಾಯಿಸಿ ‘ಸರಿ ಹೋಯ್ತು’ ಎಂದು ಕೊಟ್ಟುಬಿಡುವುದು. ಶಾಖಕ್ಕೆ ಹಿಗ್ಗಿದ ಬೆಸುಗೆ ಸ್ವಲ್ಪ ಕಾಲ ಹಿಡಿದುಕೊಳ್ಳಬಹುದು. ಆದರೆ ಬಿರುಕು ಚಿಪ್‌ನ ಒಳಗೇ ಇದ್ದರೆ ಅದು ಹಾಗೆಯೇ ಉಳಿಯುತ್ತದೆ. ಕೆಲವು ವಾರಗಳಲ್ಲಿ ಅದೇ ಕಪ್ಪು ಪರದೆ. ಅಂಥ ರಿಪೇರಿಗೆ ದುಡ್ಡು ಕೊಡಬೇಡಿ. ಟೀ, ಕಾಫಿ ಚೆಲ್ಲಿದ ಲ್ಯಾಪ್‌ಟಾಪ್ ಅನ್ನು ಅಕ್ಕಿಯಲ್ಲಿ ಹೂತಿಡುವುದರಿಂದಲೂ ಉಪಯೋಗವಿಲ್ಲ. ನೀರು ಆರಿದರೂ ಸಕ್ಕರೆ, ಲವಣ ಬೋರ್ಡ್ ಮೇಲೆ ಉಳಿದು, ವಿದ್ಯುತ್ ಹರಿದಾಗ ತಾಮ್ರವನ್ನು ತಿಂದು ಹಸಿರು ಕಿಟ್ಟ ಕಟ್ಟಿಸುತ್ತವೆ. ಕೂಡಲೇ ಬ್ಯಾಟರಿ ಕಳಚಿ, ಬೋರ್ಡ್ ಹೊರತೆಗೆದು ಆಲ್ಕೊಹಾಲ್‌ನಲ್ಲಿ ತೊಳೆಯುವುದೇ ಮದ್ದು.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಧೈರ್ಯಕ್ಕಿಂತ ಎಚ್ಚರ ಹೆಚ್ಚಿರಲಿ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ ಕಂಪನಿ ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅದರ ಹಿಂದಿನ ಸಂಶೋಧನೆಗೆ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರ ಯೊಶಿನೊ ಅವರಿಗೆ 2019ರ ರಸಾಯನವಿಜ್ಞಾನದ ನೊಬೆಲ್ ಸಂದಿತು. ಒಂದು ಕೋಶದ ಸುರಕ್ಷಿತ ವ್ಯಾಪ್ತಿ ಚಿಕ್ಕದು: ತುಂಬಿದಾಗ 4.2 ವೋಲ್ಟ್, ಬರಿದಾದಾಗ ಸುಮಾರು 2.5ರಿಂದ 3. ವರ್ಷಗಟ್ಟಲೆ ಅಟ್ಟದ ಮೇಲಿಟ್ಟ ಲ್ಯಾಪ್‌ಟಾಪ್‌ನಲ್ಲಿ ಕೋಶಗಳು ಇದಕ್ಕಿಂತ ಬಹಳ ಕೆಳಗೆ ಇಳಿದಿರಬಹುದು. ಆಗ ಒಳಗಿನ ತಾಮ್ರದ ಹಾಳೆ ದ್ರಾವಣದಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದರೆ ಅದೇ ತಾಮ್ರ ಬೇಡದ ಕಡೆ ಬೆಳೆದು ಒಳಗೇ ಶಾರ್ಟ್ ಮಾಡಬಹುದು. ಬ್ಯಾಟರಿಯ ರಕ್ಷಣಾ ಸರ್ಕಿಟ್ ‘ಚಾರ್ಜ್ ಆಗಲಾರೆ’ ಎಂದು ಹಟ ಹಿಡಿಯುವುದು ಇದಕ್ಕಾಗಿ. ಅದನ್ನು ಮರುಳು ಮಾಡುವ ಉಪಾಯಗಳನ್ನು ಪ್ರಯೋಗಿಸಬೇಡಿ. ಹೊಸ ಮಾದರಿಗಳ ಚಪ್ಪಟೆ ಬ್ಯಾಟರಿ ಉಬ್ಬಿದ್ದರೆ ಒಳಗೆ ಉರಿಯುವ ಅನಿಲ ತುಂಬಿದೆ ಎಂದೇ ಅರ್ಥ. ಟಚ್‌ಪ್ಯಾಡ್ ಮೇಲೆದ್ದಿರುವುದು, ಮುಚ್ಚಳ ಪೂರ್ತಿ ಮುಚ್ಚದಿರುವುದು ಅದರ ಗುರುತು. ಚುಚ್ಚದೆ, ಒತ್ತದೆ, ಲೋಹದ ಉಪಕರಣದಿಂದ ಮೀಟದೆ ಬಿಡಿಸಿ ಇ-ತ್ಯಾಜ್ಯ ಪಡೆಯುವವರಿಗೆ ಕೊಡಬೇಕು. ಮನೆಯ ಕಸದ ಬುಟ್ಟಿಗೆ ಹಾಕಲೇಬಾರದು.

ಯಂತ್ರ ಎದ್ದಿತು ಎಂದುಕೊಳ್ಳೋಣ. ಎದ್ದ ಹಳೆಯ ಲ್ಯಾಪ್‌ಟಾಪ್‌ನ ಮೇಲೆ ಮುಂದಿನ ದೂರು ‘ತುಂಬಾ ಸ್ಲೋ’. ಇಲ್ಲಿ ಪ್ರೊಸೆಸರ್‌ನ ವಯಸ್ಸನ್ನು ದೂರುವವರೇ ಹೆಚ್ಚು, ನಿಜವಾದ ತಡೆ ಹಾರ್ಡ್ ಡಿಸ್ಕ್. ಲ್ಯಾಪ್‌ಟಾಪ್‌ನ ಡಿಸ್ಕ್ ನಿಮಿಷಕ್ಕೆ 5,400 ಸುತ್ತು ಎಂದರೆ ಸೆಕೆಂಡಿಗೆ 90 ಸುತ್ತು. ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 5.6 ಮಿಲಿಸೆಕೆಂಡು ಕಾಯಬೇಕು. ತಲೆ ಆ ಸಾಲಿಗೆ ಸರಿಯಲು ಇನ್ನೊಂದು 12 ಮಿಲಿಸೆಕೆಂಡು. ಅಲ್ಲಿಗೆ ಒಂದು ಸಣ್ಣ ಓದಿಗೆ 17 ಮಿಲಿಸೆಕೆಂಡಿಗೂ ಹೆಚ್ಚು. ಚೆಲ್ಲಾಪಿಲ್ಲಿಯಾಗಿರುವ ಹತ್ತು ಸಾವಿರ ಓದುಗಳಿಗೆ ಸುಮಾರು ಮೂರು ನಿಮಿಷ. ಎಸ್‌ಎಸ್‌ಡಿಯಲ್ಲಿ ತಿರುಗುವುದು, ಸರಿಯುವುದು ಏನೂ ಇಲ್ಲ. ಒಂದು ಓದಿಗೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ, ಹತ್ತು ಸಾವಿರಕ್ಕೆ ಒಂದು ಸೆಕೆಂಡು. ತೋಷಿಬಾ ಕಂಪನಿಯಲ್ಲಿ 1980ರ ದಶಕದಲ್ಲಿ ಫುಜಿಯೊ ಮಸುವೊಕ ರೂಪಿಸಿದ ಫ್ಲ್ಯಾಶ್ ಮೆಮೊರಿಯ ಫಲ ಇದು. ಹಳೆಯ ಲ್ಯಾಪ್‌ಟಾಪ್‌ಗೆ ಒಂದೇ ಒಂದು ಖರ್ಚು ಮಾಡುವುದಾದರೆ ಇದನ್ನೇ ಮಾಡಿ. ಎಕ್ಸ್220ರಲ್ಲಿ ಪಕ್ಕದ ಒಂದು ಸ್ಕ್ರೂ ತೆಗೆದರೆ ಡಿಸ್ಕ್ ಹೊರಬರುತ್ತದೆ. 7 ಮಿಲಿಮೀಟರ್ ದಪ್ಪದ, ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಅಲ್ಲಿ ಸರಿಯಾಗಿ ಕೂರುತ್ತದೆ.

ಎರಡನೆಯದು ರ‍್ಯಾಮ್. 4 ಜಿಬಿ ಸಾಲದೇ ಹೋದಾಗ ಕಂಪ್ಯೂಟರ್ ಡಿಸ್ಕನ್ನೇ ರ‍್ಯಾಮ್‌ನಂತೆ ಬಳಸತೊಡಗುತ್ತದೆ. ರ‍್ಯಾಮ್‌ನ ಒಂದು ಓದಿಗೆ ಸುಮಾರು 100 ನ್ಯಾನೊಸೆಕೆಂಡು. ಡಿಸ್ಕ್‌ನದು ಅದರ ಒಂದೂ ಮುಕ್ಕಾಲು ಲಕ್ಷ ಪಟ್ಟು. ಹತ್ತು ಪುಟ ತೆರೆದಾಗ ಬ್ರೌಸರ್ ಹೆಪ್ಪುಗಟ್ಟುವುದು ಈ ಗಳಿಗೆಯಲ್ಲಿ. 8 ಜಿಬಿಗೆ ಏರಿಸಿದರೆ ಓದು, ಬರಹ, ಬ್ಯಾಂಕಿನ ಕೆಲಸ, ಆನ್‌ಲೈನ್ ಪಾಠ ಆರಾಮವಾಗಿ ನಡೆಯುತ್ತವೆ. ಕೊಳ್ಳುವಾಗ ಪೀಳಿಗೆ ನೋಡಿ: ಈ ಯಂತ್ರಕ್ಕೆ ಬೇಕಾದದ್ದು 204 ಕಾಲಿನ ಡಿಡಿಆರ್3, ಡಿಡಿಆರ್4ಕ್ಕೆ 260 ಕಾಲು. ಅಂಚಿನ ಕಚ್ಚಿನ ಜಾಗವೂ ಬೇರೆ. ಕೂರದಿದ್ದರೆ ಒತ್ತಬೇಡಿ. ವೈಫೈ ಕಾರ್ಡ್ ಬದಲಿಸುವ ಆಸೆಯಿದ್ದರೆ ಒಂದು ಮಾತು: ಎಕ್ಸ್220ರ ಬಯೋಸ್‌ನಲ್ಲಿ ಒಪ್ಪಿತ ಕಾರ್ಡ್‌ಗಳ ಪಟ್ಟಿಯಿದೆ. ಹೊರಗಿನದನ್ನು ಹಾಕಿದರೆ 1802 ಎಂಬ ದೋಷಸಂಖ್ಯೆ ತೋರಿಸಿ ನಿಂತುಬಿಡುತ್ತದೆ. ಚೆನ್ನಾಗಿರುವ ಯಂತ್ರವೂ ಆಗ ಕೆಟ್ಟಂತೆ ಕಾಣುತ್ತದೆ. ರಿಪೇರಿಗೆ ಇಷ್ಟು ಅನುಕೂಲವಾದ ಲ್ಯಾಪ್‌ಟಾಪ್‌ನಲ್ಲಿ ಈ ಬೇಲಿ ಯಾಕಿರಬೇಕಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ. ಈಚಿನ ತೆಳು ಲ್ಯಾಪ್‌ಟಾಪ್‌ಗಳಲ್ಲಂತೂ ರ‍್ಯಾಮ್ ಬೋರ್ಡ್‌ಗೇ ಬೆಸೆದಿರುತ್ತದೆ. ಕೊಳ್ಳುವ ದಿನವೇ ಅದರ ಮುಂದಿನ ಹಾದಿ ಮುಚ್ಚಿರುತ್ತದೆ.

ಉಳಿಯಿತು ತಂತ್ರಾಂಶ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಇಂಟೆಲ್‌ನಲ್ಲಾದರೆ ಎಂಟನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್. ಹಾಗಾಗಿ ಚೆನ್ನಾಗಿ ಓಡುತ್ತಿರುವ ಎಷ್ಟೋ ಯಂತ್ರಗಳು ತಂತ್ರಾಂಶದ ಕಾರಣಕ್ಕೆ ಮೂಲೆ ಸೇರುತ್ತಿವೆ. ಲಿನಕ್ಸ್ ಮಿಂಟ್, ಡೆಬಿಯನ್‌ನಂಥ ಮುಕ್ತ ತಂತ್ರಾಂಶಗಳು ಇವಕ್ಕೆ ಇಂದೂ ಭದ್ರತಾ ಪರಿಷ್ಕರಣೆ ಕೊಡುತ್ತವೆ. ಕನ್ನಡದಲ್ಲಿ ಬರೆಯುವವರಿಗೆ ಅಲ್ಲಿ ತೊಡಕಿಲ್ಲ: ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ಸೇರಿದೆ. ಬೇರೇನೂ ಹಾಕಿಕೊಳ್ಳದೆ ಆರಿಸಿದರೆ ಸಾಕು.

ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಲೆಕ್ಕಕ್ಕೆ ಸಿಗುವಂತೆ ಮರುಬಳಕೆಯ ದಾರಿ ಹಿಡಿದದ್ದು ಶೇ 22.3 ಮಾತ್ರ. ಒಂದು ಲ್ಯಾಪ್‌ಟಾಪ್ ತನ್ನ ಆಯುಸ್ಸಿನಲ್ಲಿ ಪರಿಸರದ ಮೇಲೆ ಹೊರಿಸುವ ಇಂಗಾಲದ ಹೊರೆಯ ಬಹುಪಾಲು ಅದನ್ನು ತಯಾರಿಸುವಾಗಲೇ ಬಿದ್ದಿರುತ್ತದೆ. ಬಳಸುವಾಗ ಬೀಳುವುದು ಕಡಿಮೆ. ಹಾಗೆಂದು ಪ್ರತಿ ಯಂತ್ರವನ್ನೂ ಉಳಿಸಲೇಬೇಕೆಂದಿಲ್ಲ. ಪ್ರೊಸೆಸರ್‌ನ ಲೈನೇ ಸುಟ್ಟಿದ್ದರೆ, ಬೋರ್ಡ್‌ನ ಪದರಗಳಲ್ಲಿ ಕಿಟ್ಟ ಹಬ್ಬಿದ್ದರೆ ಬಿಟ್ಟುಬಿಡಿ. ಆಗಲೂ ಡಿಸ್ಕನ್ನು ಯುಎಸ್‌ಬಿ ಕೇಸ್‌ಗೆ ಹಾಕಿ ಒಳಗಿನ ಫೋಟೊ, ಕಡತಗಳನ್ನು ಪಡೆಯಬಹುದು. ರ‍್ಯಾಮ್, ಪರದೆ, ಕೀಬೋರ್ಡ್ ಅದೇ ಮಾದರಿಯ ಇನ್ನೊಂದಕ್ಕೆ ಸಲ್ಲುತ್ತವೆ.

ರಿಪೇರಿಯಾದ ಲ್ಯಾಪ್‌ಟಾಪ್ ಅನ್ನು ಮಗುವಿನ ಓದಿಗೋ ಅಜ್ಜನ ಬರವಣಿಗೆಗೋ ಕೊಡುವ ಮೊದಲು ಮೆಮ್‌ಟೆಸ್ಟ್ ಎಂಬ ಉಚಿತ ಪ್ರೋಗ್ರಾಮನ್ನು ಪೆನ್‌ಡ್ರೈವ್‌ನಿಂದ ಶುರುಮಾಡಿ ಇಡೀ ರಾತ್ರಿ ಓಡಲು ಬಿಡಿ. ಅದು ರ‍್ಯಾಮ್‌ನ ಪ್ರತಿ ಕೋಶಕ್ಕೂ ಬಗೆಬಗೆಯ ವಿನ್ಯಾಸಗಳನ್ನು ಬರೆದು, ಓದಿ, ಹೋಲಿಸುತ್ತದೆ. ಜತೆಗೆ ಫ್ಯಾನ್, ಪೇಸ್ಟ್, ಹೊಸದಾಗಿ ಬೆಸೆದ ಕೆಪಾಸಿಟರ್ ಎಲ್ಲಕ್ಕೂ ಗಂಟೆಗಟ್ಟಲೆ ಪರೀಕ್ಷೆಯಾಗುತ್ತದೆ. ಬೆಳಿಗ್ಗೆ ಯಂತ್ರ ಆರಿಹೋಗಿದ್ದರೆ ಶಾಖದ ಕಡೆ ಮತ್ತೆ ನೋಡಬೇಕು. ಪರದೆಯ ಮೇಲೆ ಒಂದೇ ಒಂದು ದೋಷದ ಸಾಲು ಬಂದಿದ್ದರೂ ಆ ರ‍್ಯಾಮ್ ಬದಲಿಸಿ, ಇನ್ನೊಂದು ರಾತ್ರಿ ಓಡಿಸಿ.